ಸುತ್ತಿಗೆ ಮಿಸ್ಸು

ಒಂದು ಮೊಪೆಡ್ಡಿನ ಚಕ್ರ ಕಳಚಿದ್ದು, ಒಂದು ವ್ಯಾನಿನ ದೀಪ ಪುಡಿಯಾದದ್ದು, ಒಬ್ಬ ಹೆಂಗಸಿನ ಹುಬ್ಬು ಒಡೆದು ರಕ್ತ ಸುರಿದದ್ದು, ಇಷ್ಟಕ್ಕೂ ಕಾರಣ ನನ್ನ ಬಾಯಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಯಾರನ್ನು ಬೈಯಬೇಕು ಅಂತ ನೀವು ಹುಡುಕುವ ಕಷ್ಟ ಇರುವುದಿಲ್ಲ.

ನನಗೆ ಮಿಮಿಕ್ರಿ ಬರುತ್ತದೆ. ಬರುತ್ತದೆ ಅನ್ನುವುದಕ್ಕಿಂತ, ಬಂದರೆ ನಿಲ್ಲುವುದಿಲ್ಲ. ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿಗೆ ಜನ ಕೂಗುವ ಕಂಡಕ್ಟರು, ನಮ್ಮ ಬೀದಿಯ ಸೊಪ್ಪಿನ ಅಜ್ಜಿ, ಕೆಮ್ಮುವ ನಮ್ಮಪ್ಪ, ಕೆಮ್ಮುವ ನಮ್ಮಪ್ಪನನ್ನು ಬೈಯುವ ನಮ್ಮಮ್ಮ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದಾರೆ. ನಿನ್ನ ಸ್ವಂತ ದನಿ ಯಾವುದಯ್ಯ ಅಂತ ಕೇಳಿದರೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಡಿಪ್ಲೊಮಾ ಪರೀಕ್ಷೆಯ ವೈವಾದಲ್ಲಿ ಅದನ್ನು ಹುಡುಕಲು ಹೋಗಿಯೇ ಫೇಲಾದೆ.

ಹುಬ್ಬು ಒಡೆಸಿಕೊಂಡ ಆ ಹೆಂಗಸು ಹೋದ ತಿಂಗಳು ಶಿರಾದ ತಮ್ಮ ಮನೆಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ ಮಲಗಿದವರು ಮಲಗಿದಂತೆಯೇ ತೀರಿಕೊಂಡರು. ಜೀವಮಾನದಲ್ಲಿ ಅವರು ಸದ್ದಿಲ್ಲದೆ ಮಾಡಿದ ಕೆಲಸ ಅದೊಂದೇ. ಹೆಸರು ಬರೆಯುವುದಿಲ್ಲ. ಬರೆದರೆ ಎದ್ದು ಬಂದು ಬಾರಿಸುತ್ತಾರೆ ಅನ್ನುವ ಭಯ ಇನ್ನೂ ಹೋಗಿಲ್ಲ. ಮಕ್ಕಳು ಅವರನ್ನು ಕರೆಯುತ್ತಿದ್ದುದು ಸುತ್ತಿಗೆ ಮಿಸ್ಸು ಅಂತ.

ಯಾವುದೋ ಪಾಲಿಟೆಕ್ನಿಕ್ಕಿನಲ್ಲಿ ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದವರು. ರಿಟೈರ್ ಆದ ಮೇಲೆ ಎಲ್ಲರೂ ತೀರ್ಥಯಾತ್ರೆಗೆ ಹೊರಟರೆ ಇವರು ಹಳೇ ವ್ಯಾನೊಂದನ್ನು ಕೊಂಡು, ಹಿಂದಿನ ಸೀಟು ಕಿತ್ತೆಸೆದು, ಸುತ್ತಿಗೆ, ಗರಗಸ, ನಟ್ಟು ಬಿಚ್ಚುವ ಪಾನಾ, ರಾಟೆ, ಹಗ್ಗ ತುಂಬಿಕೊಂಡು ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ನಾಲ್ಕೂ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ತಿರುಗಲು ಶುರುಮಾಡಿದರು. ಇಂಜಿನಿಯರ್ ಅಂದರೆ ಏನು ಅಂತ ಚಿಕ್ಕ ಮಕ್ಕಳಿಗೆ ಕೈಯಿಂದಲೇ ಮಾಡಿಸಿ ತೋರಿಸಬೇಕು ಅನ್ನುವುದು ಅವರ ಹಟ. ನಾನು ಡ್ರೈವರು, ಹಮಾಲಿ, ಮತ್ತು ಪಾಠದ ಉಪಕರಣ.

ಉಪಕರಣ ಅಂದದ್ದು ತಮಾಷೆಗಲ್ಲ. ಕೊರಟಗೆರೆ ಕಡೆಯ ಒಂದು ಶಾಲೆಯಲ್ಲಿ ರಾಟೆಯ ಪಾಠ. ಹುಣಸೆಮರದ ಕೊಂಬೆಗೆ ರಾಟೆ ಕಟ್ಟಿ, ನನ್ನ ಸೊಂಟಕ್ಕೆ ನನ್ನ ಕೈಯಿಂದಲೇ ಹಗ್ಗ ಬಿಗಿಸಿ, ಮೂರನೇ ಕ್ಲಾಸಿನ ಮಕ್ಕಳ ಕೈಗೆ ಇನ್ನೊಂದು ತುದಿ ಕೊಟ್ಟರು. "ಎಳೀರ್ರಾ, ನಿಮ್ಗಿಂತ ಭಾರ ಇರೋನ್ನ ನೀವು ಎತ್ತಬಹುದು" ಅಂದರು. ಎತ್ತಿದವು ಪಾಪ. ಕೊಂಬೆಯ ಹತ್ತಿರ ಹೋಗಿ ನಾನು ಮಂಗನ ದನಿ ತೆಗೆದೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಅಷ್ಟರಲ್ಲಿ ನಾನೂ ಬಿದ್ದೆ. ಕಲ್ಲು ಹಾಸಿನ ಮೇಲೆ ಸೊಂಟ ಊರಿ ಕೂತು ಅಯ್ಯೋ ಅನ್ನುತ್ತಿದ್ದರೆ ಮೇಡಂ ಬಂದು ಹಗ್ಗ ಎತ್ತಿ ಮಕ್ಕಳಿಗೆ ತೋರಿಸಿದರು.

"ಹಗ್ಗ ಹರಿದೈತಾ?"

"ಇಲ್ಲ ಮಿಸ್!"

"ರಾಟೆ ಮುರಿದೈತಾ?"

"ಇಲ್ಲ ಮಿಸ್!"

"ಮತ್ತೆ ಬಿಚ್ಕೊಂಡಿದ್ದು ಏನು?"

"ಗಂಟು ಮಿಸ್!"

"ಗಂಟು ಹಾಕಿದೋನು ಯಾರು?"

ಎಲ್ಲ ಬೆರಳೂ ನನ್ನ ಕಡೆ ತಿರುಗಿದವು. "ಕೆಟ್ಟ ಕೆಲಸ ಮಾಡಿದೋನ ಮೇಲೇನೇ ಅದು ಬಿದ್ರೆ ಅದಕ್ಕೆ ನ್ಯಾಯ ಅಂತಾರೆ. ಬೇರೆಯೋರ ಮೇಲೆ ಬಿದ್ರೆ ಅದಕ್ಕೆ ಆಕ್ಸಿಡೆಂಟ್ ಅಂತಾರೆ. ಇಂಜಿನಿಯರ್ ಆಗೋರು ಎರಡೂ ಆಗ್ದಂಗೆ ನೋಡ್ಕೋಬೇಕು" ಅಂದು ಮುಂದಿನ ಪಾಠಕ್ಕೆ ಹೋದರು. ನನ್ನನ್ನು ಎತ್ತಿದ್ದು ಬಿಸಿಯೂಟದ ಅಕ್ಕ.

ಮೇಡಂ ಹುಟ್ಟಿದ್ದು ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರಿನಲ್ಲಿ. ಸಿಟ್ಟು ಬಂದರೆ ತೆಲುಗು, ಇಳಿದರೆ ಕನ್ನಡ. ಕನ್ನಡ ಕಮ್ಮಿ ಮಾತಾಡುತ್ತಿದ್ದರು. ಮಿಮಿಕ್ರಿ ಮಾಡುವವನಿಗೆ ಅಂಥ ದನಿ ಸಿಗುವುದು ಪುಣ್ಯ. ಎದೆಯಿಂದ ಹೊರಟ "ಏಮ್ರಾ", ಅಂದರೆ ಏನ್ರೋ ಅನ್ನುವುದು, ಒಂದು ಗುಂಡಿನಂತೆ ಬಂದು, ವಾಕ್ಯದ ಕೊನೆಯಲ್ಲಿ ಗರಗಸ ಕಬ್ಬಿಣಕ್ಕೆ ತಾಗಿದ ಹಾಗೆ ಕಿರುಗುಟ್ಟುತ್ತಿತ್ತು. ಕೆಲಸಕ್ಕೆ ಸೇರಿದ ವಾರದಲ್ಲೇ ಅದು ನನ್ನ ಗಂಟಲಿಗೆ ಬಂದು ಕೂತಿತ್ತು. ಶಿರಾದಲ್ಲಿ ನಮ್ಮ ಸಾಮಾನು ಬೆಸೆದುಕೊಡುತ್ತಿದ್ದ ವೆಲ್ಡಿಂಗ್ ಭಾಯ್ ಒಮ್ಮೆ ನನ್ನ ಬಾಯಲ್ಲಿ ಮೇಡಂ ದನಿ ಕೇಳಿ, ತಿರುಗಿ ನೋಡದೆಯೇ "ಹಾಂ ಆಪಾ, ಅಭೀ ಕರ್ತಾ ಆಪಾ" ಅಂತ, ಈಗಲೇ ಮಾಡುತ್ತೇನೆ ಅಕ್ಕಾ ಅನ್ನುತ್ತ, ಗಡಬಡಿಸಿ ರಾಡು ಕೈಬಿಟ್ಟಿದ್ದ. ಆ ಖುಷಿ ನನ್ನ ತಲೆಗೆ ಏರಿತು. ಅನಾಹುತದ ಬೇರು ಅಲ್ಲಿದೆ.

ಹೊಸ ಶಾಲೆಗೆ ಹೋದರೆ ಮೇಡಂ ಮೊದಲು ತಮ್ಮ ಎಡಗೈ ಎತ್ತಿ ತೋರಿಸುತ್ತಿದ್ದರು. ಉಂಗುರದ ಬೆರಳು ಅರ್ಧಕ್ಕೇ ನಿಂತಿತ್ತು.

"ಇದನ್ನ ಕಬ್ಬಿಣ ಕಡೆಯೋ ಲೇತ್ ಮಿಷಿನ್ನು ತಿಂತು. ಬಳೆ ಹಾಕ್ಕೊಂಡು ಹತ್ರ ಹೋದೆ. ಬಳೆ ಹಿಡ್ಕೊಂತು, ಕೈ ಎಳ್ಕೊಂತು, ಬೆರಳು ಇಟ್ಕೊಂಡು ಕೈ ವಾಪಸ್ ಕೊಡ್ತು. ಒಳ್ಳೆ ಮಿಷಿನ್ನು. ಪೂರ್ತಿ ತಿನ್ಲಿಲ್ಲ."

ಮುಂದಿನ ಬೆಂಚಿನ ಮಕ್ಕಳು ತಮ್ಮ ಬೆರಳು ಎಣಿಸಿಕೊಳ್ಳುತ್ತಿದ್ದವು. ಆಮೇಲೆ ಸ್ಟೀಲ್ ತಟ್ಟೆ ಹೊರಗೆ ಬರುತ್ತಿತ್ತು. ಬಳೆ, ಕೈದಾರ, ಕೊರಳ ತಾಯಿತ, ಎಲ್ಲ ಬಿಚ್ಚಿ ತಟ್ಟೆಗೆ ಹಾಕಿದವರಿಗೆ ಮಾತ್ರ ಸುತ್ತಿಗೆ. ಪುರವರದ ಹತ್ತಿರದ ಶಾಲೆಯಲ್ಲಿ ಇದಕ್ಕೇ ಒಂದು ದಿನ ಏಟು ಬಿತ್ತು. ಮೊಮ್ಮಗಳಿಗೆ ಬುತ್ತಿ ಕೊಡಲು ಬಂದ ಅಜ್ಜಿಯೊಬ್ಬಳು ಆ ಹುಡುಗಿಯ ಬರಿಗೈ ನೋಡಿದಳು, ತಟ್ಟೆಯಲ್ಲಿ ರಾಶಿ ಬಿದ್ದ ಹಸಿರು ಬಳೆ ನೋಡಿದಳು. ಮೂಲೆಯಲ್ಲಿದ್ದ ಪೊರಕೆ ಅವಳ ಕೈಗೆ ಬಂದದ್ದು ನನಗೆ ಕಾಣಲೇ ಇಲ್ಲ.

"ಹೆಣ್ ಕೂಸಿನ ಕೈಬಳೆ ತೆಗುಸ್ತೀಯೇನೇ ಹಾಳ್ಮುಂಡೆ! ನಿನ್ ಮನೆ ಮಣ್ಣಾಗ!"

ಮೇಡಂ ಎರಡು ಏಟು ಬೆನ್ನಿಗೆ ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದು, ಪೊರಕೆ ಕಿತ್ತುಕೊಂಡು, ಅದರ ಕಟ್ಟು ಬಿಚ್ಚಿ ಕಡ್ಡಿಗಳನ್ನು ಮಕ್ಕಳಿಗೆ ಹಂಚಿಬಿಟ್ಟರು. "ಸೇತುವೆ ಕಟ್ಟೋಕೆ ಕಡ್ಡಿ ಸಾಲ್ತಿರ್ಲಿಲ್ಲ. ಥ್ಯಾಂಕ್ಸ್ ಅಜ್ಜಿ" ಅಂದರು. ಅಜ್ಜಿ ಬಾಗಿಲಲ್ಲೇ ಕೂತು, ಬೈಯುತ್ತ ಬೈಯುತ್ತ, ಸಂಜೆಯವರೆಗೆ ಸೇತುವೆ ನೋಡಿದಳು.

ಆ ಸೇತುವೆ ಪಾಠವಂತೂ ಒಂದು ಕೊಲೆ. ಪೊರಕೆ ಕಡ್ಡಿ, ದಾರ, ಗಂಜಿಯ ಅಂಟು. ಎರಡು ಬೆಂಚಿನ ನಡುವೆ ಸೇತುವೆ ಇಟ್ಟು, ಅದರ ನಡುವಿಗೆ ಬಕೆಟ್ಟು ತೂಗುಹಾಕಿ, ಒಂದೊಂದೇ ಜಲ್ಲಿಕಲ್ಲು ಹಾಕುವುದು. ಚಿಟಕ್ ಅಂದ ತಕ್ಷಣ ಎಲ್ಲರೂ ಉಸಿರು ಹಿಡಿಯಬೇಕು. ಲಟಕ್ ಅಂದಾಗ "ಸತ್ತೋಯ್ತು!" ಅಂತ ಕೂಗಬೇಕು. ಆಮೇಲೆ ಪೋಸ್ಟ್‌ಮಾರ್ಟಮ್. ಮೊದಲು ಯಾವ ಕಡ್ಡಿ ಸತ್ತಿತು, ಅದು ಯಾರನ್ನು ಜೊತೆಗೆ ಎಳೆದುಕೊಂಡು ಹೋಯಿತು, ಹೆಣ ಮುಟ್ಟಿ ಹೇಳಬೇಕು.

ಪಟ್ಟನಾಯಕನಹಳ್ಳಿ ಕಡೆಯ ಶಾಲೆಯೊಂದರಲ್ಲಿ ಇಂಜಿನಿಯರ್ ಅಂದರೆ ಯಾರು ಅಂತ ಕೇಳಿದ್ದಕ್ಕೆ ಒಬ್ಬ ಹುಡುಗ ಎದ್ದು ನಿಂತು, "ಜೀಪಲ್ಲಿ ಬಂದು ಎಳನೀರು ಕುಡ್ದು ಹೋಗೋರು ಮಿಸ್" ಅಂದ. ಮೇಡಂ ನಗಲಿಲ್ಲ. "ಅವರೂ ಇರ್ತಾರೆ. ನಾನು ಹೇಳೋ ಇಂಜಿನಿಯರ್ ಬೇರೆ. ಒಂದು ವಸ್ತು ಎಷ್ಟಕ್ಕೆ ಮುರಿಯುತ್ತೆ ಅಂತ, ಅದು ಮುರಿಯೋಕೆ ಮುಂಚೆ ಹೇಳೋನು" ಅಂದರು. ಅವತ್ತು ಅದೇ ಹುಡುಗನ ಸೇತುವೆ ಮುರಿಯಲಿಲ್ಲ. ಕಲ್ಲು ಮುಗಿದರೂ ನಿಂತಿತ್ತು. ಅವನು ಜೀಪಿನಿಂದ ಇಳಿದವನ ಹಾಗೆ ಎದೆಯುಬ್ಬಿಸಿದ. ಮೇಡಂ ಸುತ್ತಿಗೆ ತೆಗೆದು ಒಂದೇ ಏಟಿಗೆ ಅದನ್ನು ಚೂರು ಮಾಡಿದರು.

"ಮೂರು ಜನರ ಕಡ್ಡಿ ನೀನೊಬ್ನೇ ಕದ್ದು ಕಟ್ಟಿದ್ದೀಯ. ಹಂಗೆ ಯಾರು ಬೇಕಾದ್ರೂ ಕಟ್ತಾರೆ."

ಹುಡುಗ ಹೋ ಅಂತ ಅತ್ತ. "ಅಳು. ಚೆನ್ನಾಗಿ ಅಳು. ಇಂಜಿನಿಯರ್ ಕ್ಲಾಸಲ್ಲಿ ಅತ್ತರೆ ಊರೋರು ಸೇತುವೆ ಕೆಳಗೆ ಅಳೋದು ತಪ್ಪುತ್ತೆ" ಅಂದು ಅವನ ಮೂಗನ್ನು ತಮ್ಮ ಸೆರಗಲ್ಲೇ ಒರೆಸಿದರು. ಮಕ್ಕಳ ಮೇಲೆ ಅವರು ಕೈ ಎತ್ತಿದ್ದು ನಾನು ನೋಡಲೇ ಇಲ್ಲ. ಆ ಬಾಕಿಯನ್ನೆಲ್ಲ ನನ್ನ ಬೆನ್ನಿನ ಮೇಲೆ ತೀರಿಸುತ್ತಿದ್ದರು.

ಈಗ ಹುಬ್ಬು ಒಡೆದ ಆ ಊರಿನ ವಿಷಯ. ಕೊಡಿಗೇನಹಳ್ಳಿಯಿಂದ ಒಳಕ್ಕೆ ಹೋದರೆ ಸಿಗುತ್ತದೆ. ಅಲ್ಲಿ ಮೇಡಂ ಕಲಿಸುತ್ತಿದ್ದದ್ದು ಬಿಚ್ಚುವ ಪಾಠ. ಕೆಟ್ಟ ಫ್ಯಾನು, ಸತ್ತ ಮಿಕ್ಸಿ, ಗುಜರಿ ಸೈಕಲ್ಲು ತಂದು ಮಕ್ಕಳ ಮುಂದೆ ಸುರಿಯುವುದು. ಅದಕ್ಕೊಂದು ಕಟ್ಟುನಿಟ್ಟಾದ ಪದ್ಧತಿ ಇತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಾಲಾಗಿ ಸೊನ್ನೆ ಬರೆಯಬೇಕು. ಮೊದಲು ಬಿಚ್ಚಿದ್ದು ಮೊದಲನೇ ಸೊನ್ನೆಯೊಳಗೆ, ಆಮೇಲಿನದು ಎರಡನೆಯದರೊಳಗೆ, ಹೀಗೇ ಕೊನೆಯವರೆಗೆ. ಮತ್ತೆ ಜೋಡಿಸುವಾಗ ಕೊನೆಯ ಸೊನ್ನೆಯಿಂದ ಹಿಂದಕ್ಕೆ ಬಂದರೆ ಆಯಿತು. ಸಾಲು ತುಳಿದವರಿಗೆ ಅವತ್ತಿನ ಕ್ಲಾಸು ಇಲ್ಲ.

ಒಂದು ದಿನ ಮೇಡಂಗೆ ಗಂಟಲು ಕಟ್ಟಿತು. ಶಾಲೆಯ ತಂದೆತಾಯಿಗಳ ವಾಟ್ಸಾಪ್ ಗುಂಪಿಗೆ ಹೇಳಬೇಕಾದ್ದನ್ನು ನನಗೆ ಪಿಸುಗುಟ್ಟಿ, ಫೋನು ಕೊಟ್ಟು ಮಲಗಿದರು. ಹೇಳಬೇಕಾದ್ದು ಇಷ್ಟೇ: ಮನೆಯಲ್ಲಿ ತಿರುಗುವಂಥ ವಸ್ತು ಯಾವುದಾದರೂ ಕೆಟ್ಟು ಮೂಲೆ ಸೇರಿದ್ದರೆ ನಾಳೆ ಮಕ್ಕಳ ಕೈಲಿ ಕಳಿಸಿ. ನಾನು ಸುಮ್ಮನೆ ಬರೆದು ಹಾಕಬಹುದಿತ್ತು. ಫೋನು ಅವರದ್ದು, ಗಂಟಲು ನನ್ನದು. ತಡೆಯಲಾಗಲಿಲ್ಲ. ವಾಯ್ಸ್ ಮೆಸೇಜ್ ಒತ್ತಿಹಿಡಿದು, ತೆಲುಗಿನಲ್ಲೇ ಮಕ್ಕಳನ್ನು ಕರೆದು, ಎದೆಯಿಂದ ಗುಂಡು ಹಾರಿಸಿದೆ.

"ಏಮ್ರಾ ಪಿಲ್ಲಲೂ! ಮನೇಲಿ ಏನು ತಿರುಗುತ್ತೋ ಅದನ್ನ ಬಿಚ್ಕೊಂಡು ಬರ್ರಿ! ಬರಿಗೈಲಿ ಬಂದೋರ ಮೂಳೆ ನಾನೇ ಬಿಚ್ತೀನಿ!"

ಕೆಟ್ಟಿದ್ದು ಅನ್ನುವ ಮಾತು ನಾನು ಮರೆತದ್ದಲ್ಲ. ಅದನ್ನು ಸೇರಿಸಿದರೆ ಡೈಲಾಗು ಕುಂಟುತ್ತಿತ್ತು. ಎರಡು ಸಲ ಸೇರಿಸಿ ನೋಡಿ, ಮೂರನೇ ಸಲ ಬಿಟ್ಟು ಕಳಿಸಿದೆ. ಕೇಳಿಸಿಕೊಂಡು ನಾನೇ ಚಪ್ಪಾಳೆ ಹೊಡೆದುಕೊಂಡೆ.

ಮಾರನೇ ದಿನ ನಾವು ಹೋಗುವಷ್ಟರಲ್ಲಿ ಶಾಲೆಯ ಅಂಗಳ ಗುಜರಿ ಅಂಗಡಿ ಆಗಿತ್ತು. ಟವೆಲ್ಲಿನಲ್ಲಿ ಸುತ್ತಿದ ಮಿಕ್ಸಿಯ ಮೋಟಾರು, ಟೇಬಲ್ ಫ್ಯಾನಿನ ರೆಕ್ಕೆ, ಗಡಿಯಾರದ ಹಲ್ಲುಚಕ್ರಗಳು. ರಾತ್ರಿಯ ನಿದ್ದೆಗೆ ಗಂಟಲು ಬಿಟ್ಟಿದ್ದ ಮೇಡಂ ಮುಖ ಅರಳಿತು. "ಈ ಊರಲ್ಲಿ ಇಷ್ಟೊಂದು ಕೆಟ್ಟಿದ್ವೇನ್ರಾ!" ಅಂದು ಒಂದು ಮೋಟಾರು ಎತ್ತಿ ನೋಡಿದರು. ಅದು ಮದುಮಗನ ಹಾಗೆ ಹೊಳೆಯುತ್ತಿತ್ತು. ಅವರ ಹುಬ್ಬು ಗಂಟಿಕ್ಕಿತು. ಅಷ್ಟರಲ್ಲಿ ಗೇಟಿನ ಕಡೆಯಿಂದ ಕೂಗು ಬಂತು.

"ಯಾವಳ್ಲಾ ಅವ್ಳು ಮಿಸ್ಸು! ನನ್ ಗಾಡಿ ಚಕ್ರ ಎಲ್ಲಿ!"

ಲುಂಗಿ ಎತ್ತಿ ಕಟ್ಟಿದ ಒಬ್ಬ ಗಂಡಸು, ಕೈಯಲ್ಲಿ ದನ ಕಟ್ಟುವ ಸರಪಳಿ. ಅವನ ಮಗ ಚಕ್ರವನ್ನು ತಬ್ಬಿಕೊಂಡು ಮೇಡಂ ಹಿಂದೆ ಅವಿತ. ಸರಪಳಿ ಗಾಳಿಯಲ್ಲಿ ಸುತ್ತಿ ಬಂದು ವ್ಯಾನಿನ ದೀಪಕ್ಕೆ ಬಡಿಯಿತು. ಗಾಜು ನನ್ನ ಕಾಲ ಮೇಲೆ ಸುರಿಯಿತು. "ಹೊಡಿ, ನನಗೆ ಹೊಡಿ, ಮಗೂಗೆ ತಾಗಿದ್ರೆ ಕೈ ಮುರೀತೀನಿ" ಅಂದು ಮೇಡಂ ನಿಂತಲ್ಲೇ ನಿಂತರು. ಗಂಡಸು ಎರಡನೇ ಸಲ ಸರಪಳಿ ಎತ್ತುವಷ್ಟರಲ್ಲಿ ಅವನನ್ನು ಪಕ್ಕಕ್ಕೆ ನೂಕಿಕೊಂಡು ರತ್ನಮ್ಮ ಬಂದಳು.

ರತ್ನಮ್ಮ ಆ ಊರಿಗೆಲ್ಲ ಬ್ಲೌಸು ಹೊಲಿಯುವವಳು. ಎಡಗೈಯಲ್ಲಿ ಮಗಳು ಹರ್ಷಿತಾಳ ಜಡೆ, ಬಲಗೈಯಲ್ಲಿ ಗಂಟು ಕಟ್ಟಿ ಹಿಡಿದ ಸೆರಗು. ಹುಡುಗಿ ನಾಲ್ಕನೇ ಕ್ಲಾಸು. ಒಂದು ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಮೂಗಿನಿಂದ ರಕ್ತ ಇಳಿದು ಯೂನಿಫಾರಂ ಮೇಲೆ ಒಣಗಿತ್ತು. ರತ್ನಮ್ಮ ಸೆರಗು ಬಿಚ್ಚಿ, ಒಳಗಿದ್ದುದನ್ನೆಲ್ಲ ಮೇಡಂ ಮುಖಕ್ಕೇ ಎರಚಿದಳು. ಸ್ಕ್ರೂ, ಸ್ಪ್ರಿಂಗು, ಹಲ್ಲುಚಕ್ರ, ಬಾಬಿನ್ನು. ಯಾವುದೋ ಕಬ್ಬಿಣದ ತುಂಡು ಹುಬ್ಬಿಗೆ ತಾಗಿ ಚರ್ಮ ಸೀಳಿತು.

"ನನ್ ಮಿಷಿನ್ನು! ನನ್ ಹೊಟ್ಟೆ! ನಾಳಿಕ್ಕೆ ಧಾರೆ, ಮದುವಣಗಿತ್ತಿ ಬ್ಲೌಸು ಅರ್ಧಕ್ಕೆ ನಿಂತೈತೆ! ಅವರಿಗೆ ಏನ್ ಉಡ್ಸಾನ, ನಿನ್ ಚರ್ಮ ಹೊಲ್ದು ಕೊಡಾನಾ?"

"ಯಾರು ಬಿಚ್ಚೋಕೆ ಹೇಳಿದ್ದು?" ಅಂದರು ಮೇಡಂ.

"ಯಾರಾ? ಇಂಗ್ ಕೇಳ್ತಾಳ್ ನೋಡು! ತಗಾ, ಕೇಳಿಸ್ಕಾ!" ರತ್ನಮ್ಮ ರವಿಕೆಯಿಂದ ಫೋನು ಎಳೆದು ಒತ್ತಿದಳು.

ಏಮ್ರಾ ಪಿಲ್ಲಲೂ. ನನ್ನ ದನಿ, ಅಂದರೆ ಅವರ ದನಿ, ಅಂಗಳದ ಬೇವಿನ ಮರದ ಕೆಳಗೆ ಪೂರ್ತಿ ಓಡಿತು. ಮೇಡಂ ಕೊನೆಯವರೆಗೂ ಕೇಳಿದರು. ಹುಬ್ಬಿನ ರಕ್ತ ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಇನ್ನೊಂದು ಕಣ್ಣಿನಿಂದ ನನ್ನನ್ನು ನೋಡಿದರು. ನಾನು ಬೇವಿನ ಮರದಲ್ಲಿ ಕಾಗೆ ಇದೆಯೇ ಅಂತ ಬಹಳ ಆಸಕ್ತಿಯಿಂದ ಹುಡುಕುತ್ತಿದ್ದೆ.

"ನಿನ್ ದನಿ ಹೌದಾ ಅಲ್ವಾ?" ಅಂದಳು ರತ್ನಮ್ಮ.

"ಹೂಂ ಕಣಮ್ಮ. ನಂದೇ" ಅಂದರು ಮೇಡಂ.

ರತ್ನಮ್ಮ ಅವರ ಕೆನ್ನೆಗೆ ಕೊಟ್ಟ ಏಟಿನ ಸದ್ದು ಈಗಲೂ ನನ್ನಿಂದ ಮಿಮಿಕ್ರಿ ಮಾಡಲು ಆಗಿಲ್ಲ. ಮೇಡಂ ಎರಡು ಹೆಜ್ಜೆ ಹಿಂದೆ ಸರಿದು ವ್ಯಾನಿಗೆ ಒರಗಿದರು. ಹರ್ಷಿತಾ ಕಿರುಚಿದಳು. ರತ್ನಮ್ಮ ಜಡೆಯನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡು, "ಇವ್ಳಿಗೆ ಇಸ್ಕೂಲು ಸಾಕು. ಇವತ್ತೇ ಪಾವಗಡದಾಗೆ ನಮ್ಮಕ್ಕನ ಮನೆಗೆ ಕಳುಸ್ತೀನಿ. ಅವಳ ಕೂಸು ಎತ್ಕಂಡು ಬಿದ್ದಿರ್ಲಿ. ಮಧ್ಯಾಹ್ನದ ಬಸ್ಸಿಗೆ ಹತ್ತಿಸ್ಬುಡ್ತೀನಿ" ಅಂದಳು.

ಮೇಡಂ ಕನ್ನಡದಲ್ಲಿ, ನಿಧಾನಕ್ಕೆ, ಹೇಳಿದರು: "ಇನ್ನೊಂದು ಕೆನ್ನೆ ಐತೆ, ಆಮೇಲೆ ತಗೊಳ್ಳುವಂತೆ. ಬಸ್ಸಿಗೆ ಇನ್ನೂ ಹೊತ್ತೈತೆ. ಮಿಷಿನ್ನು ಓಡಿದ್ರೆ ಇವ್ಳು ಇಲ್ಲೇ ಇರ್ತಾಳೆ. ಓಡ್ಲಿಲ್ಲ ಅಂದ್ರೆ ನಾನೇ ಬಸ್ ಹತ್ತಿಸ್ತೀನಿ. ಒಪ್ಪಿಗೇನಾ?"

ರತ್ನಮ್ಮ ಜಡೆ ಬಿಟ್ಟಳು. ಆ ಹೊತ್ತಿಗೆ ಅದೇ ಉತ್ತರ.

ಚೆಲ್ಲಿದ್ದನ್ನೆಲ್ಲ ಆಯ್ದುಕೊಂಡು ಅವಳ ಮನೆಗೆ ಹೋದೆವು. ಹೊಲಿಗೆ ಮಿಷಿನ್ನು ಕರುಳು ತೆಗೆದ ಕೋಳಿಯ ಹಾಗೆ ಸ್ಟ್ಯಾಂಡಿನ ಮೇಲೆ ಬಾಯಿಬಿಟ್ಟು ಕೂತಿತ್ತು. ಅದರ ಮುಂದೆ, ಸಗಣಿ ಸಾರಿಸಿದ ನೆಲದ ಮೇಲೆ, ಬಾಗಿಲಿನಿಂದ ಒಲೆಯವರೆಗೆ ಸೀಮೆಸುಣ್ಣದ ಸೊನ್ನೆಗಳು. ಸಾಲಾಗಿ, ಒಂದೂ ತಪ್ಪದೆ. ಎಲ್ಲ ಖಾಲಿ.

ಮೇಡಂ ಆ ಸೊನ್ನೆಗಳನ್ನು ನೋಡಿದರು. ಅವರ ಕನ್ನಡ ಅಲ್ಲಿಗೆ ಮುಗಿಯಿತು. ತೆಲುಗಿನಲ್ಲಿ ಅವರು ಅಂದದ್ದನ್ನು ಇಲ್ಲಿ ಬರೆದರೆ ಅಚ್ಚು ಮಾಡುವವರು ಒಪ್ಪುವುದಿಲ್ಲ. ರತ್ನಮ್ಮನ ಮಣಿಕಟ್ಟು ಹಿಡಿದು ತಿರುಚಿ ಸೊನ್ನೆಗಳ ಮುಂದೆ ಎಳೆದು ತಂದರು.

"ಇದರೊಳಗಿಂದ ಬಾಚಿದ್ದು ಯಾರು?"

"ನಾನೇ! ಮತ್ತೆ ನೆಲದ್ ಮ್ಯಾಲೆ ಬುಟ್ಟು ರಂಗೋಲಿ ಅಂತ ಪೂಜೆ ಮಾಡ್ಬೇಕಾಗಿತ್ತಾ?"

"ನಿನ್ ಮಗಳು ಸಾಲಾಗಿ ಇಟ್ಟಿದ್ಲು! ವಾಪಸ್ ಹಾಕೋಕೆ ಬರ್ತಿತ್ತು ಅವ್ಳಿಗೆ! ಮಿಷಿನ್ ಬಿಚ್ಚಿದ್ದು ಅವ್ಳು, ಕೊಂದಿದ್ದು ನೀನು!"

ರತ್ನಮ್ಮ ಕೈ ಕೊಡವಿ ಮೇಡಂ ಸೆರಗಿಗೆ ಕೈ ಹಾಕಿದಳು. ಮೇಡಂ ಅವಳ ತುರುಬಿಗೆ. ಇಬ್ಬರೂ ಗೋಡೆಗೆ ಬಡಿದರು. ಗೂಡಿನಲ್ಲಿದ್ದ ದಾರದ ಉಂಡೆಗಳು ಸುರಿದವು, ನೀರಿನ ಕೊಡ ಉರುಳಿತು. ಬಿಡಿಸಲು ಹೋದ ನನಗೆ ಎರಡು ಕಡೆಯಿಂದಲೂ ಬಿತ್ತು. ಅವು ಯಾರು ಯಾರಿಗೆ ಇಟ್ಟದ್ದೋ ಗೊತ್ತಿಲ್ಲ, ನನಗೆ ಸಲ್ಲಬೇಕಾದವೇ.

ಆಗ ನೆಲದ ಕಡೆಯಿಂದ ಟಿಣ್ ಅಂತ ಸದ್ದು ಬಂತು. ಹರ್ಷಿತಾ ಒದ್ದೆ ನೆಲದ ಮೇಲೆ ಮಂಡಿಯೂರಿ ಕೂತು, ಒಂದೇ ಕಣ್ಣಿನಿಂದ ನೋಡುತ್ತ, ಒಂದೊಂದೇ ತುಂಡನ್ನು ಸೊನ್ನೆಯೊಳಗೆ ಇಡುತ್ತಿದ್ದಳು. ಏನೋ ಗುನುಗುತ್ತಿದ್ದಳು: "ಮೊದ್ಲು ಮುಚ್ಚಳ, ಆಮ್ಯಾಕೆ ಉದ್ದನ್ ಸ್ಕ್ರೂ, ಆಮ್ಯಾಕೆ ಗಿಡ್ಡನ್ದು..." ಮೇಡಂ ತುರುಬು ಬಿಟ್ಟು, ಪಕ್ಕದಲ್ಲಿ ಕೂತು, ಒಂದು ಹಲ್ಲುಚಕ್ರ ಎತ್ತಿಕೊಡಲು ಕೈ ಚಾಚಿದರು. ಹುಡುಗಿ ಆ ಕೈ ಮೇಲೆ ಪಟ್ ಅಂತ ಹೊಡೆದಳು.

"ಮುಟ್ಬ್ಯಾಡಿ ಮಿಸ್! ಸಾಲು ಕೆಡ್ತೈತೆ!"

ಹುಬ್ಬಿನಲ್ಲಿ ರಕ್ತ, ಕೆನ್ನೆಯಲ್ಲಿ ಐದು ಬೆರಳು, ಹರಿದ ಸೆರಗು. ಮೇಡಂ ತಲೆ ಹಿಂದಕ್ಕೆ ಹಾಕಿ ನಕ್ಕರು. ಅವರು ಅಷ್ಟು ಸಂತೋಷವಾಗಿದ್ದದ್ದು ನಾನು ಇನ್ನೊಂದು ಸಲ ನೋಡಲಿಲ್ಲ.

ರತ್ನಮ್ಮ ಬಟ್ಟೆ ಅಳೆಯುವ ಮರದ ಕೋಲು ಹಿಡಿದು ಮಗಳ ಬೆನ್ನಿಗೇ ನಿಂತಳು. ಹುಡುಗಿ ಕೊನೆಯ ಸೊನ್ನೆಯಿಂದ ಹಿಂದಕ್ಕೆ ಬರುತ್ತ ಒಂದೊಂದೇ ತುಂಡನ್ನು ಕೂರಿಸಿದಳು. ಸ್ಕ್ರೂ ಬಿಗಿಯುವುದು ಮಾತ್ರ ಮೇಡಂ ಪಾಲು. ತಪ್ಪಿದರೆ ಕೋಲು ನೆಲಕ್ಕೆ ಬಡಿಯುತ್ತಿತ್ತು. "ಅದಲ್ಲ ಕಣೇ, ಅಂಗ್ ಕೂತ್ರೆ ಸೂಜಿ ಮುರೀತೈತೆ" ಅನ್ನುತ್ತಿದ್ದಳು ರತ್ನಮ್ಮ. "ಹಂಗೇ ಕೂರೋದು, ನೀನು ಸುಮ್ಕಿರವ್ವ" ಅನ್ನುತ್ತಿದ್ದಳು ಮಗಳು. ಒಮ್ಮೆ ಅವ್ವ ಹೇಳಿದ್ದು ಸರಿಯಾಯಿತು, ಒಮ್ಮೆ ಮಗಳದ್ದು. ಸೂಜಿ ಎರಡು ಸಲ ಮುರಿಯಿತು. ಎರಡನೇ ಸಲ ಅದರ ತುದಿ ಹಾರಿ ಹುಡುಗಿಯ ಹೆಬ್ಬೆರಳಿಗೆ ಚುಚ್ಚಿತು. ಅವಳು ಅದನ್ನು ಹಲ್ಲಿನಿಂದ ಕಿತ್ತು ಉಗುಳಿ ಕೆಲಸ ಮುಂದುವರಿಸಿದಳು. ಕೋಲು ಅವತ್ತು ಆಮೇಲೆ ನೆಲಕ್ಕೆ ಬಡಿಯಲಿಲ್ಲ.

ಮಧ್ಯಾಹ್ನದ ಬಸ್ಸು ಹಾರನ್ ಹೊಡೆದುಕೊಂಡು ಹೋದದ್ದು ಕೇಳಿಸಿತು. ಯಾರೂ ಏಳಲಿಲ್ಲ.

ಕೊನೆಗೆ ಒಂದು ಸ್ಕ್ರೂ ಉಳಿಯಿತು. ರತ್ನಮ್ಮನ ಮುಖ ಕಪ್ಪಿಟ್ಟಿತು. ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಮೇಲೆ ಎಸೆದರು. "ಮೊಪೆಡ್ಡಿಂದು. ಅಂಗಳದಲ್ಲಿ ಆಯುವಾಗ ಬಂದೈತೆ. ಹೋಗಿ ಆ ಸರಪಳಿಯವನಿಗೆ ಕೊಟ್ಟು ಬಾ, ನಿನಗೂ ಎರಡು ಬೀಳ್ಲಿ."

ಬಿತ್ತು. ನಾನು ತುಟಿ ಒರೆಸಿಕೊಂಡು ವಾಪಸ್ ಬರುವಷ್ಟರಲ್ಲಿ ಬೀದಿಯ ಆ ತುದಿಗೇ ಮಿಷಿನ್ನಿನ ಸದ್ದು ಕೇಳುತ್ತಿತ್ತು. ರತ್ನಮ್ಮ ಪೆಡಲು ತುಳಿಯುತ್ತಿದ್ದಳು. ಕೆಂಪು ಬ್ಲೌಸಿನ ತೋಳು ಸೂಜಿಯ ಕೆಳಗೆ ಓಡುತ್ತಿತ್ತು. ಹರ್ಷಿತಾ ಗೋಡೆಗೆ ಒರಗಿ ರಾಗಿಮುದ್ದೆ ನುಂಗುತ್ತಿದ್ದಳು.

ಮೇಡಂ ಹೊರಗೆ ವ್ಯಾನಿನ ಪಕ್ಕ ನಿಂತು ಹುಬ್ಬಿಗೆ ಅರಿಶಿನ ಒತ್ತಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋಗಿ, ನನ್ನದು ಅಂತ ಅನ್ನಿಸುವ ಯಾವುದೋ ದನಿಯಲ್ಲಿ, "ಮೇಡಂ, ಅದು ನಾನು ಅಂತ ಅವರಿಗೆ ಹೇಳ್ಬುಡ್ತೀನಿ" ಅಂದೆ. ಅವರ ಕೈಯಲ್ಲಿದ್ದ ಪಾನಾ ನನ್ನ ಮೊಣಕಾಲಿಗೆ ಬಿತ್ತು. ಕುಕ್ಕರಿಸಿದೆ.

"ನೀನು ನಿನ್ ದನೀಲಿ ಹೇಳಿದ್ರೆ ಈ ಊರಲ್ಲಿ ಒಂದು ಮಗೂನೂ ಒಂದು ಸ್ಕ್ರೂ ಬಿಚ್ತಿರ್ಲಿಲ್ಲ. ನಾನು ಅಂದ್ಕೊಂಡು ಬಿಚ್ಚಿದ್ವು. ನನ್ನ ನಂಬಿ ಬಿಚ್ಚಿದ ಮೇಲೆ ಏಟೂ ನಂದೇ. ನಿಂಗೆ ಬೇರೆ ಐತೆ, ಶಿರಾಕ್ಕೆ ಹೋದ್ಮೇಲೆ." ಶಿರಾಕ್ಕೆ ಹೋದ ಮೇಲೆ ಕೊಟ್ಟರು ಕೂಡ.

ಮೊಣಕಾಲು ಹಿಡಿದುಕೊಂಡು ನಾನು ಏಳುತ್ತಿದ್ದಾಗ ಶಾಲೆಯ ಸಮಿತಿ ಅಧ್ಯಕ್ಷ, ಸರಪಳಿಯವನು, ಇನ್ನೂ ಕೆಲವು ಗಂಡಸರು ಬಂದರು. ಅಧ್ಯಕ್ಷ ಮೇಡಂ ಕಡೆ ನೋಡಲೇ ಇಲ್ಲ, ನೇರ ರತ್ನಮ್ಮನ ಬಾಗಿಲಿಗೆ ಹೋಗಿ ನಿಂತ. ಮಾತು ಬಹಳ ಮೃದು.

"ನೋಡು ರತ್ನಮ್ಮ, ಆ ವ್ಯಾನು ಇನ್ನ ಈ ಊರಿಗೆ ಬರ್ಬಾರ್ದು ಅಂತ ತೀರ್ಮಾನ ಮಾಡಿದ್ದೀವಿ. ಹುಡುಗೀನ ಪಾವಗಡಕ್ಕೆ ಕಳುಸ್ತೀನಿ ಅಂದ್ಯಂತೆ, ಒಳ್ಳೇದೇ. ನಾಳೆ ಬೆಳಿಗ್ಗೆ ನನ್ ಕಾರಲ್ಲೇ ಬುಟ್ಟು ಬತ್ತೀನಿ. ಇಂಥವು ಇಸ್ಕೂಲಾಗಿದ್ರೆ ನಮ್ ಹೈಕ್ಳೂ ಕೆಡ್ತಾವೆ. ನಾಳೆ ಕರೆಂಟಿನ ಮೋಟ್ರು ಬಿಚ್ಚಿ ಸತ್ರೆ ಯಾರ್ ಜವಾಬ್ದಾರಿ? ಹೆಣ್ ಹುಡುಗಿ ಕೈಗೆ ಪಾನಾ ಯಾಕವ್ವ?"

ಹರ್ಷಿತಾಳ ಕೈಯಲ್ಲಿದ್ದ ಮುದ್ದೆ ಬಾಯಿಗೆ ಹೋಗದೆ ನಿಂತಿತು. ಮೇಡಂ ಪಾನಾ ಹಿಡಿದೇ ಒಂದು ಹೆಜ್ಜೆ ಮುಂದಿಟ್ಟರು. ಅಷ್ಟರಲ್ಲಿ ಮಿಷಿನ್ನಿನ ಸದ್ದು ನಿಂತಿತು. ರತ್ನಮ್ಮ ಹಲ್ಲಿನಿಂದ ದಾರ ಕಡಿದು, ಬ್ಲೌಸನ್ನು ಪಕ್ಕಕ್ಕಿಟ್ಟು, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಕೈಗೆತ್ತಿಕೊಂಡು ಬಾಗಿಲಿಗೆ ಬಂದಳು.

"ಬಿಚ್ಚಿದ್ದು ನನ್ ಮಗ್ಳು, ಬಿಚ್ಚಿಸ್ಕಂಡಿದ್ದು ನನ್ ಮಿಷಿನ್ನು, ಹೊಡ್ದಿದ್ದು ನನ್ ಕೈ, ಹೊಡುಸ್ಕಂಡೋರು ಆ ಮಿಸ್ಸು. ಇದ್ರಾಗೆ ನಿಮ್ದು ಏನೈತೆ ಅಧ್ಯಕ್ಷರೇ? ನಾಳಿಕ್ಕೆ ಇವ್ಳು ಇಸ್ಕೂಲಿಗೆ ಬತ್ತಾಳೆ, ಆ ವ್ಯಾನೂ ಬತ್ತೈತೆ. ನಾನು ಅಳತೆ ತಗಂಡೇ ಕತ್ರಿ ಹಾಕೋಳು. ಅಡ್ಡ ಬಂದೋರಿಗಾದ್ರೆ ಅಳತೆ ಬ್ಯಾಡ."